ಸ್ಕ್ರೂಜ್‌ನನ್ನು ರಂಗಕ್ಕೇರಿಸುವುದು ಹೇಗೆ: 'ಎ ಕ್ರಿಸ್‌ಮಸ್ ಕ್ಯಾರೊಲ್' ನಾಟಕ ಮಾಡಿಸುವವರಿಗೆ ಮಾರ್ಗದರ್ಶಿ

ಚಾರ್ಲ್ಸ್ ಡಿಕನ್ಸ್‌ನ 'ಎ ಕ್ರಿಸ್‌ಮಸ್ ಕ್ಯಾರೊಲ್' ಲಂಡನ್ನಿನಲ್ಲಿ ಅಚ್ಚಾಗಿ ಬಂದದ್ದು 1843ರ ಡಿಸೆಂಬರ್ 19ರಂದು. ಏಳು ವಾರ ತುಂಬುವ ಮೊದಲೇ, 1844ರ ಫೆಬ್ರವರಿ 5ರಂದು, ಅದೇ ಊರಿನಲ್ಲಿ ಅದರ ಮೂರು ರಂಗರೂಪಗಳು ಒಂದೇ ದಿನ ಶುರುವಾದವು. ಅವುಗಳಲ್ಲಿ ಅಡೆಲ್ಫಿ ಥಿಯೇಟರಿನಲ್ಲಿ ಎಡ್ವರ್ಡ್ ಸ್ಟರ್ಲಿಂಗ್ ಆಡಿಸಿದ್ದಕ್ಕೆ ಡಿಕನ್ಸ್‌ನ ಒಪ್ಪಿಗೆಯಿತ್ತು. ಅಂದಿನಿಂದ ಈ ಕತೆ ರಂಗದಿಂದ ಇಳಿದೇ ಇಲ್ಲ. ಶಾಲೆ, ಚರ್ಚು, ಹವ್ಯಾಸಿ ತಂಡ ಎಲ್ಲರೂ ಇದಕ್ಕೆ ಕೈಹಾಕುತ್ತಾರೆ. ಜಿಪುಣ ಮುದುಕ ಸ್ಕ್ರೂಜ್, ನಾಲ್ಕು ಪ್ರೇತಗಳು (ಮೊದಲು ಅವನ ಸತ್ತ ಪಾಲುದಾರ ಮಾರ್ಲಿ, ಆಮೇಲೆ ಹಿಂದಿನ, ಇಂದಿನ, ಮುಂದಿನ ಕ್ರಿಸ್‌ಮಸ್ ತೋರಿಸುವ ಮೂವರು; ಮೊದಲನೆಯ, ಎರಡನೆಯ, ಮೂರನೆಯ ಪ್ರೇತ ಎಂದರೆ ಈ ಮೂವರು), ಒಂದು ರಾತ್ರಿ, ಬೆಳಗಾಗುವಷ್ಟರಲ್ಲಿ ಬದಲಾದ ಮನುಷ್ಯ: ಮೇಲ್ನೋಟಕ್ಕೆ ನಾಟಕ ಸಿದ್ಧವಾಗಿಯೇ ಇದೆ ಅನ್ನಿಸುತ್ತದೆ.

ಕಷ್ಟ ಒಳಗಿದೆ. ಕತೆಯ ನಡುವಿನ ಮೂರು ಭಾಗಗಳಲ್ಲಿ ನಾಯಕ ಏನನ್ನೂ ಮಾಡುವುದಿಲ್ಲ, ಬರೀ ನೋಡುತ್ತಾನೆ. ಓದುವಾಗ ಇದು ತೊಡಕೇ ಅಲ್ಲ. ರಂಗದ ಮೇಲೆ ಮಾತ್ರ, ಮೂಲೆಯಲ್ಲಿ ಒಂದು ಗಂಟೆ ನಿಂತು ನೋಡುವ ಸ್ಕ್ರೂಜ್‌ನನ್ನು ಪ್ರೇಕ್ಷಕರು ಹತ್ತು ನಿಮಿಷದಲ್ಲಿ ಮರೆತುಬಿಡುತ್ತಾರೆ. ಆಮೇಲೆ ಕೊನೆಯ ದೃಶ್ಯದಲ್ಲಿ ಅವನು ಎಷ್ಟು ಕುಣಿದರೂ ಯಾರ ಮನಸ್ಸಿಗೂ ತಟ್ಟುವುದಿಲ್ಲ. ಹೊಗೆ, ಹಿಮ, ಸರಪಳಿಯ ಸದ್ದು ಯಾವುದೂ ಆ ನಷ್ಟವನ್ನು ತುಂಬಿಕೊಡುವುದಿಲ್ಲ. ನೋಡುವವನನ್ನು ನಾಟಕದ ನಡುವೆ ಹಿಡಿದಿಟ್ಟುಕೊಳ್ಳುವುದೇ ಇಲ್ಲಿನ ಮುಖ್ಯ ಕೆಲಸ. ಪಠ್ಯ, ಸ್ಕ್ರೂಜ್ ಮಲಗುವ ಮಂಚ, ಬೆಳಕು, ತಾಲೀಮು ಎಲ್ಲವನ್ನೂ ಅದಕ್ಕಾಗಿಯೇ ಹೊಂದಿಸಬೇಕು.

ಪಠ್ಯ ಸಿದ್ಧಮಾಡುವುದು

ಡಿಕನ್ಸ್ ತೀರಿಕೊಂಡದ್ದು 1870ರಲ್ಲಿ. ಮೂಲ ಕೃತಿಗೆ ಯಾರ ಅನುಮತಿಯೂ ಬೇಕಿಲ್ಲ. ಆದರೆ ಇತ್ತೀಚಿನ ರಂಗರೂಪಗಳು, ಸಂಗೀತ ನಾಟಕಗಳು, ಸಿನಿಮಾಗಳು ಮತ್ತು ಅನುವಾದಗಳಿಗೆ ಅವುಗಳದೇ ಹಕ್ಕು ಇರುತ್ತದೆ. ಭಾರತದಲ್ಲಿ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಉಳಿಯುತ್ತದೆ. ಸಿನಿಮಾದಲ್ಲಿ ನೋಡಿದ ಮಾತನ್ನು ನೆನಪಿನಿಂದ ತಂದು ಸೇರಿಸಬೇಡಿ. ಮೂಲ ಪುಸ್ತಕವನ್ನು ಎದುರಿಗಿಟ್ಟುಕೊಂಡೇ ಬರೆಯಿರಿ. ಅದರ ಸಂಭಾಷಣೆ ಆಗಲೇ ನಾಟಕದ ಹದದಲ್ಲಿದೆ. ಡಿಕನ್ಸ್ 1853ರ ಡಿಸೆಂಬರಿನಲ್ಲಿ ಬರ್ಮಿಂಗ್‌ಹ್ಯಾಮ್ ಟೌನ್‌ಹಾಲಿನಲ್ಲಿ ಇದನ್ನು ಸಾರ್ವಜನಿಕವಾಗಿ ಓದಿದಾಗ ಅವನ ಹತ್ತಿರ ರಂಗಸಜ್ಜಿಕೆ ಇರಲಿಲ್ಲ. ಎಲ್ಲ ಪಾತ್ರಗಳಿಗೂ ಅವನೇ ದನಿ ಕೊಟ್ಟ.

ಆ ಮೊದಲ ಓದು ಸುಮಾರು ಮೂರು ಗಂಟೆ ಹಿಡಿಯಿತು. ಮುಂದೆ ಅವನೇ ಅದನ್ನು ಕತ್ತರಿಸುತ್ತ ಹೋದ. ನೀವೂ ಕತ್ತರಿಸಲೇಬೇಕು. ಕನ್ನಡದಲ್ಲಿ ರಂಗದ ಮಾತು ನಿಮಿಷಕ್ಕೆ ಸುಮಾರು 90ರಿಂದ 100 ಪದ ಸಾಗುತ್ತದೆ. ನಡಿಗೆ, ಹಾಡು, ಮೌನ ಎಲ್ಲ ಸೇರಿ 90 ನಿಮಿಷದ ಪ್ರದರ್ಶನ ಬೇಕಾದರೆ ಹಸ್ತಪ್ರತಿ 6,500 ಪದ ದಾಟಬಾರದು. ಮೊದಲ ಕರಡನ್ನು ಇಬ್ಬರು ಗಟ್ಟಿಯಾಗಿ ಓದಲಿ, ಒಬ್ಬರು ಗಡಿಯಾರ ಹಿಡಿಯಲಿ. ಬರೀ ಓದೇ 75 ನಿಮಿಷ ದಾಟಿದರೆ ನಾಟಕ ಎರಡು ಗಂಟೆ ತಲುಪುತ್ತದೆ, ಮಕ್ಕಳಿರುವ ಸಭೆಗೆ ಅದು ಭಾರ.

ಕತ್ತರಿಸುವಾಗ ಬಹಳ ಜನ ಮೊದಲ ಭಾಗಕ್ಕೆ ಕತ್ತರಿ ಹಾಕಿ ಬೇಗ ಪ್ರೇತಗಳ ಹತ್ತಿರ ಹೋಗುತ್ತಾರೆ. ನಾಟಕ ಕುಸಿಯುವುದು ಅಲ್ಲೇ. ಕಚೇರಿಯ ಆ ದೃಶ್ಯದಲ್ಲಿ ಕಾಣುವ ಪ್ರತಿಯೊಂದೂ ಮುಂದೆ ಮರಳಿ ಬರುತ್ತದೆ. ಗುಮಾಸ್ತನಿಗೆ ಸಿಗದಂತೆ ಸ್ಕ್ರೂಜ್ ತನ್ನ ಕೋಣೆಯಲ್ಲೇ ಇಟ್ಟುಕೊಂಡ ಕಲ್ಲಿದ್ದಲ ಡಬ್ಬ ಕೊನೆಗೆ 'ಹೋಗಿ ಇನ್ನೊಂದು ಕಲ್ಲಿದ್ದಲ ಬುಟ್ಟಿ ಕೊಂಡುಕೊಂಡು ಬಾ' ಎಂಬ ಮಾತಾಗುತ್ತದೆ. ಸೋದರಳಿಯ ಫ್ರೆಡ್‌ನ ಊಟದ ಕರೆಯನ್ನು ತಿರಸ್ಕರಿಸಿದವನು ಮರುದಿನ ಅದೇ ಬಾಗಿಲ ಮುಂದೆ ಒಳಗೆ ಹೋಗಲು ಧೈರ್ಯ ಸಾಲದೆ ಹಿಂದೆ ಮುಂದೆ ಸುಳಿದಾಡುತ್ತಾನೆ. ಬಡವರಿಗಾಗಿ ಚಂದಾ ಕೇಳಲು ಬಂದ ಇಬ್ಬರಿಗೆ ಅವನು 'ಜೈಲುಗಳಿಲ್ಲವೇ?' ಎಂದು ಕೇಳುತ್ತಾನೆ. 'ಸಾಯುವವರು ಸಾಯಲಿ, ಹೆಚ್ಚುವರಿ ಜನಸಂಖ್ಯೆ ಇಳಿಯುತ್ತದೆ' ಅನ್ನುತ್ತಾನೆ. ಎರಡೂ ಮಾತನ್ನು ಎರಡನೆಯ ಪ್ರೇತ ಅಕ್ಷರ ತಪ್ಪದಂತೆ ಅವನ ಮುಖಕ್ಕೇ ಹಿಂದಿರುಗಿಸುತ್ತದೆ. ಈ ಎರಡು ವಾಕ್ಯಗಳನ್ನು ಎರಡೂ ಕಡೆ ಒಂದೇ ಪದಗಳಲ್ಲಿ ಬರೆಯಿರಿ. ಎರಡನೆಯ ಸಲ ಚಂದ ಕಾಣಲೆಂದು ಬದಲಿಸಿದರೆ ಪ್ರೇಕ್ಷಕರಿಗೆ ಮೊದಲಿನ ಮಾತು ನೆನಪಾಗುವುದೇ ಇಲ್ಲ. ಮೊದಲ ಭಾಗಕ್ಕೆ ಇಪ್ಪತ್ತು ನಿಮಿಷ ಕೊಡಿ, ಅಳುಕಬೇಡಿ.

ಕೈಬಿಡಬಹುದಾದವೂ ಇವೆ. ಎರಡನೆಯ ಪ್ರೇತದೊಂದಿಗೆ ಗಣಿ ಕಾರ್ಮಿಕರ ಗುಡಿಸಲು, ದೀಪಸ್ತಂಭ, ಹಡಗು ನೋಡುವ ಭಾಗ ಓದಲು ಸೊಗಸು, ಆಡಲು ಅನಗತ್ಯ. ಸ್ಕ್ರೂಜ್‌ನ ಹಳೆಯ ಪ್ರೇಯಸಿ ಬೆಲ್ ಮದುವೆಯಾಗಿ ಮಕ್ಕಳೊಂದಿಗೆ ಇರುವ ದೃಶ್ಯವನ್ನೂ ಬಿಡಬಹುದು. ಫ್ರೆಡ್‌ನ ಮನೆಯ ಆಟಗಳಲ್ಲಿ ಒಂದು ಸಾಕು. 'ಹೌದು-ಅಲ್ಲ' ಆಟವನ್ನೇ ಇಟ್ಟುಕೊಳ್ಳಿ, ಏಕೆಂದರೆ ಒಗಟಿನ ಉತ್ತರ ಸ್ಕ್ರೂಜ್‌ನೇ.

ನೋಡಲು ಹಿತವಲ್ಲವೆಂದು ಹಲವರು ಬಿಡುವ ಆ ಇಬ್ಬರು ಮಕ್ಕಳನ್ನು ಮಾತ್ರ ಬಿಡಬೇಡಿ. ಎರಡನೆಯ ಪ್ರೇತದ ನಿಲುವಂಗಿಯ ಅಡಿಯಿಂದ ಹೊರಬರುವ ಅಜ್ಞಾನವೆಂಬ ಹುಡುಗ, ಕೊರತೆಯೆಂಬ ಹುಡುಗಿ ಕತೆಯ ಬೇರು. 1843ರಲ್ಲಿ ಡಿಕನ್ಸ್ ಬಾಲಕಾರ್ಮಿಕರ ಕುರಿತ ಸರ್ಕಾರಿ ವರದಿ ಓದಿ ಕುದಿದಿದ್ದ. ಲಂಡನ್ನಿನ ಬಡ ಮಕ್ಕಳ ಶಾಲೆಯೊಂದನ್ನು ಕಣ್ಣಾರೆ ನೋಡಿಬಂದಿದ್ದ. ಮೊದಲು ಬರೆಯಬೇಕೆಂದಿದ್ದದ್ದು ಬಡವರ ಮಕ್ಕಳ ಪರವಾದ ಒಂದು ಕರಪತ್ರ, ಅದರ ಬದಲು ಈ ಕತೆ ಬಂತು. ಆ ಮಕ್ಕಳನ್ನು ತೆಗೆದರೆ ಉಳಿಯುವುದು ಹಬ್ಬದ ಮನರಂಜನೆಯಷ್ಟೇ.

ಪುಸ್ತಕದಲ್ಲಿ ಮಾರ್ಲಿಯ ಪ್ರೇತ ಮೂರು ರಾತ್ರಿಗಳ ಲೆಕ್ಕ ಹೇಳುತ್ತದೆ, ಎಲ್ಲ ಮುಗಿಯುವುದು ಒಂದೇ ರಾತ್ರಿಯಲ್ಲಿ. ರಂಗದಲ್ಲಿ ಇದು ಗೊಂದಲ. 'ಗಡಿಯಾರ ಒಂದು ಹೊಡೆದಾಗ ಮೊದಲನೆಯವನು ಬರುತ್ತಾನೆ' ಎಂದಷ್ಟೇ ಹೇಳಿಸಿ, ಉಳಿದಿಬ್ಬರಿಗೆ ಗಂಟೆಯ ಸದ್ದೇ ಸಾಕು.

ಸಂಬೋಧನೆಯನ್ನು ಕರಡಿನಲ್ಲೇ ತೀರ್ಮಾನಿಸಿ. ಫ್ರೆಡ್ ಸ್ಕ್ರೂಜ್‌ನ ತಂಗಿ ಫ್ಯಾನ್‌ಳ ಮಗ. 'ಅಂಕಲ್' ಎನ್ನಿಸುವುದಕ್ಕಿಂತ 'ಮಾವ' ಎನ್ನಿಸಿ. ಸೋದರಮಾವ ಅಳಿಯನ ಮನೆಯ ಹಬ್ಬದೂಟ ಬೇಡವೆನ್ನುವುದು ಎಂಥ ಕಾಠಿಣ್ಯವೆಂದು ಕನ್ನಡದ ಪ್ರೇಕ್ಷಕರಿಗೆ ವಿವರಿಸಬೇಕಿಲ್ಲ. ಗುಮಾಸ್ತ ಬಾಬ್ ಕ್ರ್ಯಾಚಿಟ್ ಯಜಮಾನನಿಗೆ 'ನೀವು' ಅನ್ನಲಿ, ಯಜಮಾನ ಅವನಿಗೆ 'ನೀನು' ಅನ್ನಲಿ, ಕೊನೆಯ ದೃಶ್ಯದಲ್ಲೂ ಹಾಗೆಯೇ ಇರಲಿ. ಅಲ್ಲಿ ಬದಲಾಗಬೇಕಾದದ್ದು ದನಿ. ಊರು ಲಂಡನ್ನೇ ಆಗಿರಲಿ, ಕತೆಯನ್ನು ಎಳೆದುತಂದು ಬೇರೆಡೆ ಕೂರಿಸುವುದು ಬೇಡ. ಬಡವರನ್ನು ಇರಿಸಿ ದುಡಿಸುತ್ತಿದ್ದ ವರ್ಕ್‌ಹೌಸು, ಮಂಜು, ವಾರಕ್ಕೆ 15 ಶಿಲ್ಲಿಂಗ್ ಸಂಬಳ ಇವೆಲ್ಲ ಆ ಊರಿನ ಆ ಕಾಲದ ಸಂಗತಿಗಳು.

ಸ್ಕ್ರೂಜ್‌ನ ಮೆಟ್ಟಿಲುಗಳು

ನಟನಿಗೆ ಹಸ್ತಪ್ರತಿ ಕೊಡುವ ದಿನವೇ ಅವನ ಬದಲಾವಣೆ ಎಲ್ಲೆಲ್ಲಿ ನಡೆಯುತ್ತದೆ ಎಂಬ ಪಟ್ಟಿಯನ್ನೂ ಕೊಡಿ. ಎಲ್ಲ ಮೂಲದಲ್ಲೇ ಇವೆ, ಹೊಸದಾಗಿ ಏನನ್ನೂ ಹುಟ್ಟಿಸಬೇಕಿಲ್ಲ.

ಮೊದಲ ಬಿರುಕು ಮೊದಲ ಭಾಗದ ಕೊನೆಯಲ್ಲೇ ಇದೆ. ಮಾರ್ಲಿ ಹೋದ ಮೇಲೆ ಸ್ಕ್ರೂಜ್ ಎಂದಿನಂತೆ 'ಹಂಬಗ್' (ಎಲ್ಲ ಬೊಗಳೆ) ಎನ್ನಲು ಹೋಗಿ ಮೊದಲ ಅಕ್ಷರಕ್ಕೇ ನಿಲ್ಲುತ್ತಾನೆ. ಈ ಪದವನ್ನು ಅದಕ್ಕೆ ಮುಂಚೆ ಮೂರು ನಾಲ್ಕು ಸಲಕ್ಕಿಂತ ಹೆಚ್ಚು ಬಳಸಬೇಡಿ. ಪ್ರತಿ ಮಾತಿಗೂ ನಗೆ ತರಿಸಲು ಬಳಸಿದರೆ ಆ ಅರ್ಧ ಪದ ಯಾರ ಕಿವಿಗೂ ಬೀಳುವುದಿಲ್ಲ.

ಎರಡನೆಯದು ಶಾಲೆಯಲ್ಲಿ. ರಜೆಗೂ ಮನೆಗೆ ಹೋಗದೆ ಒಬ್ಬಂಟಿ ಕೂತ ಹುಡುಗನಾಗಿ ತನ್ನನ್ನೇ ಕಂಡು ಅಳುತ್ತಾನೆ. ಹಿಂದಿನ ಸಂಜೆ ತನ್ನ ಬಾಗಿಲಲ್ಲಿ ಹಾಡಲು ಬಂದ ಹುಡುಗನಿಗೆ ಏನಾದರೂ ಕೊಡಬೇಕಿತ್ತು ಅನ್ನುತ್ತಾನೆ. ಆ ಹುಡುಗನನ್ನು ಮೊದಲ ದೃಶ್ಯದಲ್ಲಿ ಚೆನ್ನಾಗಿ ತೋರಿಸಿದ್ದರೆ ಮಾತ್ರ ಈ ಮಾತಿಗೆ ಅರ್ಥ. ಮೂರನೆಯದು ಹಳೆಯ ಯಜಮಾನ ಫೆಜ್ಜಿವಿಗ್‌ನ ಗೋದಾಮಿನಲ್ಲಿ, ಹಬ್ಬದ ಕುಣಿತದ ನಡುವೆ. ಕೆಲವೇ ಪೌಂಡು ಖರ್ಚು ಮಾಡಿದ್ದಕ್ಕೆ ಇಷ್ಟು ಹೊಗಳಿಕೆಯೇ ಎಂದು ಪ್ರೇತ ಕೆಣಕಿದಾಗ, ಹಳೆಯ ಯಜಮಾನನ ಪರ ವಾದಿಸುತ್ತ ವಾದಿಸುತ್ತ ತಟಕ್ಕನೆ ಮಾತು ನಿಲ್ಲಿಸುತ್ತಾನೆ, ತನ್ನ ಗುಮಾಸ್ತನ ನೆನಪಾಗಿ. ಈ ನಿಲುಗಡೆಗೆ ಪೂರ್ತಿ ಮೂರು ಸೆಕೆಂಡು ಕೊಡಿ, ಹಿಂದಿನ ಕುಣಿತ ಆಗ ಸ್ತಬ್ಧವಾಗಿರಲಿ. ನಾಲ್ಕನೆಯದು ಬೆಲ್. ಅಲ್ಲಿ ನೋವು ತಡೆಯಲಾರದೆ ಪ್ರೇತದ ತಲೆಯ ಬೆಳಕಿನ ಮೇಲೆ ಟೊಪ್ಪಿಗೆ ಒತ್ತಿ ಆರಿಸಲು ಹೋಗುತ್ತಾನೆ. ಇದು ಪಶ್ಚಾತ್ತಾಪವಲ್ಲ, ತಪ್ಪಿಸಿಕೊಳ್ಳುವ ಯತ್ನ. ಬದಲಾವಣೆ ನೇರ ಗೆರೆಯಲ್ಲಿ ಸಾಗುವುದಿಲ್ಲ ಎಂಬುದನ್ನು ನಟ ಇಲ್ಲಿ ತೋರಿಸಬೇಕು.

ಎರಡನೆಯ ಪ್ರೇತ ಬರುವ ಹೊತ್ತಿಗೆ ಸ್ಕ್ರೂಜ್ ತಾನಾಗಿಯೇ 'ಎಲ್ಲಿಗೆ ಬೇಕಾದರೂ ಕರೆದುಕೊಂಡು ಹೋಗು' ಅನ್ನುತ್ತಾನೆ. ಕ್ರ್ಯಾಚಿಟ್ ಮನೆಯಲ್ಲಿ ಮೊದಲ ಬಾರಿಗೆ ಬೇರೊಬ್ಬರ ಬಗ್ಗೆ ಕೇಳುತ್ತಾನೆ: ಬಾಬ್‌ನ ಕಾಯಿಲೆಯ ಮಗ ಟಿಮ್ ಬದುಕುತ್ತಾನೆಯೇ? ಅಲ್ಲಿವರೆಗಿನ ಕಣ್ಣೀರೆಲ್ಲ ತನಗಾಗಿತ್ತು. ನಾಟಕ ತಿರುಗುವುದು ಈ ಪ್ರಶ್ನೆಯಲ್ಲಿ, ಮೂರನೆಯ ಪ್ರೇತ ತೋರಿಸುವ ಅವನದೇ ಸಮಾಧಿಯ ಮುಂದೆ ಅಲ್ಲ. ನಿರ್ದೇಶಕರು ತಪ್ಪು ಮಾಡುವುದು ಇಲ್ಲೇ. ಎಲ್ಲ ಬಲವನ್ನೂ ಸಮಾಧಿಗೆ ಕೂಡಿಟ್ಟರೆ ಸ್ಕ್ರೂಜ್ ಸಾವಿಗೆ ಹೆದರಿ ಒಳ್ಳೆಯವನಾದ ಅನ್ನಿಸುತ್ತದೆ. ಅವನ ಬದಲಾವಣೆಗೆ ಕಾರಣ ಭಯವಲ್ಲ.

ಅವನನ್ನು ಎಲ್ಲಿ ನಿಲ್ಲಿಸಬೇಕು? ಮೂಲೆಯಲ್ಲಂತೂ ಅಲ್ಲ. ಕ್ರ್ಯಾಚಿಟ್ ಕುಟುಂಬ ಮೇಜಿನ ಮೂರು ಕಡೆ ಕುಳಿತರೆ ನಾಲ್ಕನೆಯ ಕಡೆ, ಪ್ರೇಕ್ಷಕರ ಪಕ್ಕದಲ್ಲಿ ಓರೆಯಾಗಿ, ಒಂದು ಖಾಲಿ ಮುಕ್ಕಾಲಿಯಲ್ಲಿ ಅವನು ಕೂರಲಿ. ಶಾಲೆಯಲ್ಲಿ ಹುಡುಗನ ಬೆನ್ನ ಹಿಂದೆ ಒಂದು ಮೊಳ ದೂರದಲ್ಲಿರಲಿ, ಕೈ ಚಾಚಲಿ, ತಾಗದಿರಲಿ. ಅವನಿಗೆ ಕಾಣುವವರು ಅವನನ್ನು ನೋಡಲಾರರು ಎಂಬ ನಿಯಮವನ್ನು ಮೊದಲ ಪ್ರೇತದ ಭಾಗದ ಮೊದಲ ಐದು ನಿಮಿಷದಲ್ಲೇ ಕಟ್ಟಿಕೊಡಿ: ಒಬ್ಬ ಹುಡುಗ ಅವನ ಎದುರಿಗೇ ಓಡಿಬಂದು ಅವನನ್ನು ಕಾಣದವನಂತೆ ಪಕ್ಕದಲ್ಲೇ ಹಾದುಹೋದರೆ ಸಾಕು.

ಪಾತ್ರ ಹಂಚಿಕೆ

ಹನ್ನೆರಡು ದೊಡ್ಡವರು, ಆರು ಮಕ್ಕಳಿದ್ದರೆ ನಾಟಕ ಆರಾಮವಾಗಿ ನಡೆಯುತ್ತದೆ. ಸ್ಕ್ರೂಜ್ ಮತ್ತು ಬಾಬ್‌ಗೆ ಬೇರೆ ಪಾತ್ರ ಕೊಡಬೇಡಿ. ಮಾರ್ಲಿ ಮಾಡಿದವರು ಕದ್ದ ಸಾಮಾನು ಕೊಳ್ಳುವ ಮುದುಕ ಜೋ ಆಗಬಹುದು. ಫೆಜ್ಜಿವಿಗ್ ಮಾಡಿದವರು ಎರಡನೆಯ ಪ್ರೇತವಾಗಬಹುದು, ನಡುವೆ ಬೆಲ್ ದೃಶ್ಯ ಆರೇಳು ನಿಮಿಷ ಸಿಗುತ್ತದೆ, ಉಡುಪಿನ ಮೇಲೆಯೇ ಹಸಿರು ನಿಲುವಂಗಿ ಹಾಕಿಕೊಳ್ಳುವಂತೆ ಹೊಲಿಸಿ. ಬೆಲ್ ಮತ್ತು ಫ್ರೆಡ್‌ನ ಹೆಂಡತಿಯ ಪಾತ್ರ ಒಬ್ಬರಿಗೇ ಕೊಡುವುದು ಒಳ್ಳೆಯದು, ಕಳೆದುಕೊಂಡ ಮನೆಯ ನೆರಳು ಅಳಿಯನ ಮನೆಯಲ್ಲಿ ಮೂಡುತ್ತದೆ. ಚಂದಾ ಕೇಳುವ ಮಹನೀಯರು ಮೂರನೆಯ ಪ್ರೇತದ ಭಾಗದಲ್ಲಿ ಸ್ಕ್ರೂಜ್‌ನ ಸಾವಿನ ಬಗ್ಗೆ ಹಗುರಾಗಿ ಮಾತಾಡುವ ವ್ಯಾಪಾರಿಗಳೂ ಆಗುವುದಾದರೆ ಹ್ಯಾಟು, ಕೋಟು ಎರಡೂ ಬದಲಾಗಲಿ. ಇಲ್ಲದಿದ್ದರೆ ಸಜ್ಜನರು ನೀಚರಾದರೆಂದು ಸಭೆ ತಪ್ಪು ತಿಳಿಯುತ್ತದೆ, ಅವರಲ್ಲೊಬ್ಬರು ಕೊನೆಯಲ್ಲಿ ಮತ್ತೆ ಬರಬೇಕು ಬೇರೆ.

ಟಿಮ್ ಮಾಡುವ ಮಗುವಿಗೆ ಅಜ್ಞಾನದ ಪಾತ್ರ ಕೊಡಬೇಡಿ. ಆ ಹುಡುಗ ಯಾರ ಮನೆಯವನೂ ಅಲ್ಲದ, ಹೆಸರಿಲ್ಲದ ಮಗುವಾಗಿರಬೇಕು.

ಟಿಮ್‌ಗೆ ಮಗುವನ್ನು ಆರಿಸುವಾಗ ಮುದ್ದುಮುಖಕ್ಕಿಂತ ತೂಕ ನೋಡಿ. ಬಾಬ್ ಅವನನ್ನು ಹೆಗಲ ಮೇಲೆ ಹೊತ್ತು ಬರುತ್ತಾನೆ. 18 ಕಿಲೋ ಮೀರಿದರೆ ಬಾಬ್ ಏದುಸಿರಿನಲ್ಲಿ ಮಾತಾಡಬೇಕಾಗುತ್ತದೆ, ಬಾಗಿಲ ಚೌಕಟ್ಟಿಗೆ ತಲೆ ತಾಗುವ ಅಪಾಯವೂ ಇದೆ. ಚೌಕಟ್ಟಿನ ಎತ್ತರವನ್ನು ಹೆಗಲ ಮೇಲೆ ಮಗುವಿದ್ದಾಗಲೇ ಅಳೆಯಿರಿ. ಊರುಗೋಲು ಮಗುವಿನ ಕಂಕುಳಿಗೆ ಸರಿಯಾಗಿ ಕತ್ತರಿಸಿದ್ದಾಗಿರಲಿ, ತುದಿಗೆ ರಬ್ಬರ್ ಬೂಚು ಹಾಕಿ.

ಮಂಚ ಒಂದೇ ಸಾಕು

ಕಚೇರಿ, ಮನೆ, ಶಾಲೆ, ಗೋದಾಮು, ಕ್ರ್ಯಾಚಿಟ್ ಮನೆ, ಸ್ಮಶಾನ: ಪ್ರತಿಯೊಂದಕ್ಕೂ ಸಜ್ಜಿಕೆ ಕಟ್ಟಿದರೆ ಬದಲಾವಣೆಗಳಲ್ಲೇ ಇಪ್ಪತ್ತು ನಿಮಿಷ ಹೋಗುತ್ತದೆ. ಒಂದು ಮಂಚ, ಚಕ್ರವಿರುವ ಒಂದು ಬಾಗಿಲ ಚೌಕಟ್ಟು, ಒಂದು ಎತ್ತರದ ಬರೆಯುವ ಮೇಜು, ಎರಡು ಬೆಂಚು, ಐದಾರು ಮುಕ್ಕಾಲಿ ಇದ್ದರೆ ಎಲ್ಲವೂ ಆಗುತ್ತದೆ. ಹಣ, ಶ್ರಮ ಎಲ್ಲವನ್ನೂ ಮಂಚಕ್ಕೇ ಹಾಕಿ.

ಆರು ಅಡಿ ಉದ್ದ, ಮೂರೂವರೆ ಅಡಿ ಅಗಲ, ನಾಲ್ಕು ಕಂಬ, ಸುತ್ತ ಪರದೆ. ಕಾಲುಗಳಿಗೆ ಬ್ರೇಕ್ ಇರುವ ಚಕ್ರ ಹಾಕಿ, ನಾಲ್ಕಕ್ಕೂ ಬ್ರೇಕ್ ಇರಲಿ. ಎರಡಕ್ಕೇ ಹಾಕಿಸಿದರೆ ಸ್ಕ್ರೂಜ್ ಮೇಲೆ ಹಾರಿದಾಗ ಮಂಚ ಗಿರಕಿ ಹೊಡೆಯುತ್ತದೆ. ಪರದೆಯನ್ನು ಬಳೆಗಳಿಗೆ ಹೊಲಿದು, ಬಳೆ ಕಂಬಿಗೆ ಸಿಕ್ಕುವ ಕಡೆ ವೆಲ್ಕ್ರೋ ಹಾಕಿ, ಒಂದೇ ಎಳೆತಕ್ಕೆ ಬಳೆ ಸಮೇತ ಬರಬೇಕು. ಕಾರಣ ಇದೆ: ಮೂರನೆಯ ಪ್ರೇತದ ಭಾಗದಲ್ಲಿ ಸತ್ತವನ ಮಂಚದ ಪರದೆಯನ್ನು ಬಳೆ ಸಮೇತ ಕಿತ್ತುಕೊಂಡು ಬಂದು ಹೆಂಗಸೊಬ್ಬಳು ಜೋಗೆ ಮಾರುತ್ತಾಳೆ. ಬೆಳಗ್ಗೆ ಎದ್ದ ಸ್ಕ್ರೂಜ್ ಮೊದಲು ತಬ್ಬಿಕೊಳ್ಳುವುದು ಆ ಪರದೆಯನ್ನೇ. ಕಿತ್ತದ್ದನ್ನು ಸಭೆ ಕಣ್ಣಾರೆ ಕಂಡಿರಬೇಕು. ಸ್ಮಶಾನದ ಕತ್ತಲಲ್ಲಿ ಮತ್ತೆ ಸಿಕ್ಕಿಸಲು ಇಬ್ಬರಿಗೆ 40 ಸೆಕೆಂಡು ಬೇಕಾಗುತ್ತದೆ. ಅದನ್ನೇ ಪ್ರತ್ಯೇಕವಾಗಿ ತಾಲೀಮು ಮಾಡಿಸಿ, ಅಥವಾ ಅಂಥದೇ ಇನ್ನೊಂದು ಜೋಡಿ ಪರದೆಯನ್ನು ಚಾವಣಿಯ ಚೌಕಟ್ಟಿನಲ್ಲೇ ಸುತ್ತಿಟ್ಟು ದಾರ ಎಳೆದು ಬೀಳಿಸಿ.

ಮಂಚದ ಕಾಲಿನ ಕಡೆಯ ಹಲಗೆಯ ಹೊರಮೈಗೆ ಸಮಾಧಿಕಲ್ಲಿನ ಬಣ್ಣ ಬಳಿದು ಹೆಸರು ಕೆತ್ತಿಸಿ, ನಾಟಕವಿಡೀ ಅದಕ್ಕೆ ಹೊದಿಕೆ ಇಳಿಬಿಟ್ಟಿರಲಿ. ಸ್ಮಶಾನಕ್ಕೆ ಮಂಚವನ್ನು ಅರ್ಧ ಸುತ್ತು ತಿರುಗಿಸಿ ಹೊದಿಕೆ ಸರಿಸಿದರೆ ಕಲ್ಲು ಸಿದ್ಧ. ಪುಸ್ತಕದಲ್ಲಿ ಪ್ರೇತ ಕುಗ್ಗಿ ಕುಗ್ಗಿ ಮಂಚದ ಕಂಬವಾಗುತ್ತದೆ. ಸ್ಕ್ರೂಜ್ ಕಲ್ಲನ್ನು ತಬ್ಬಿ ಬೇಡುತ್ತಿರುವಾಗಲೇ ಬೆಳಕು ಬದಲಾಗಿ, ಅವನ ಕೈ ಕಂಬವನ್ನು ಹಿಡಿದಿರುವಂತೆ ಮಾಡಿದರೆ ಎಲ್ಲೂ ತೆರೆ ಎಳೆಯಬೇಕಿಲ್ಲ.

ನಾಲ್ಕು ಪ್ರೇತಗಳು

ಬಾಗಿಲ ಬಡಿಗುಬ್ಬಿ (ಬಾಗಿಲು ತಟ್ಟುವ ಲೋಹದ ಹಿಡಿ) ಮಾರ್ಲಿಯ ಮುಖವಾಗುವ ಕ್ಷಣ ಸುಲಭ. ಬಾಗಿಲ ಹಲಗೆಯಲ್ಲಿ ಸ್ಕ್ರೂಜ್‌ನ ಕಣ್ಣಿನ ಮಟ್ಟಕ್ಕೆ 8×10 ಅಂಗುಲದ ತೂತು ಕೊರೆದು ಕಪ್ಪು ಅಥವಾ ಬೂದು ಬಣ್ಣದ ಸೊಳ್ಳೆಪರದೆ ಬಟ್ಟೆಯನ್ನು ಬಿಗಿಯಾಗಿ ಹೊಡೆಯಿರಿ. ಅದರ ಮೇಲೆ ಬಾಗಿಲ ಬಣ್ಣದಲ್ಲೇ ಬಡಿಗುಬ್ಬಿ ಬರೆಯಿರಿ. ಮುಂದಿನಿಂದ ಬೆಳಕು ಬಿದ್ದಷ್ಟು ಹೊತ್ತು ಚಿತ್ರ ಮಾತ್ರ ಕಾಣುತ್ತದೆ. ಮುಂದಿನ ಬೆಳಕು ತಗ್ಗಿ ಹಿಂದಿನ ಸಣ್ಣ ಎಲ್‌ಇಡಿ ಹತ್ತಿದಾಗ ಮುಖ ಮೂಡುತ್ತದೆ. ಕೆಡುವುದು ಎರಡು ಕಾರಣಕ್ಕೆ. ಮುಂದಿನ ಲೈಟು ನೇರವಾಗಿ ಬಿದ್ದರೆ ಅದು ಬಟ್ಟೆ ದಾಟಿ ಒಳಗಿನ ನಟನನ್ನು ಮೊದಲೇ ತೋರಿಸುತ್ತದೆ, ಅದು ಪಕ್ಕದಿಂದ ಓರೆಯಾಗಿ ಬರಬೇಕು. ಬಿಳಿ ಸೊಳ್ಳೆಪರದೆ ಬಳಸಿದರೆ ಅದೇ ಹೊಳೆದು ಹಿಂದಿನದು ಕಾಣುವುದಿಲ್ಲ. ಮುಖ ನಾಲ್ಕು ಸೆಕೆಂಡಿಗಿಂತ ಹೆಚ್ಚು ಇರಬಾರದು. ಆ ಮುಖದ ಕೂದಲು ಬಿಸಿಯುಸಿರು ತಾಗಿದಂತೆ ಅಲುಗುತ್ತಿತ್ತೆಂದು ಡಿಕನ್ಸ್ ಬರೆದಿದ್ದಾನೆ. ಬ್ಯಾಟರಿಯ ಕೈಫ್ಯಾನ್ ಒಂದು ಕೆಳಗಿದ್ದರೆ ಅದೂ ಆಗುತ್ತದೆ. ರಂಗಶಂಕರದಂಥ ಮುಂಚಾಚಿದ ರಂಗದಲ್ಲಿ ಆಡುವುದಾದರೆ ಈ ತಂತ್ರ ಪಕ್ಕದ ಸೀಟುಗಳಿಗೆ ಕಾಣುವುದಿಲ್ಲ, ಸ್ಕ್ರೂಜ್‌ನ ಮುಖಭಾವಕ್ಕೇ ಬಿಟ್ಟುಬಿಡಿ.

ಮಾರ್ಲಿಯ ಸರಪಳಿಗೆ ಹಣದ ಪೆಟ್ಟಿಗೆ, ಬೀಗ, ಕೀಲಿಕೈ, ಲೆಕ್ಕದ ಪುಸ್ತಕ ಕಟ್ಟಿರುತ್ತವೆ. ಎಲ್ಲ ಥರ್ಮಾಕೋಲು, ರಟ್ಟಿನಲ್ಲಿ ಮಾಡಿ. ಸರಪಳಿಯೂ ಪ್ಲಾಸ್ಟಿಕ್ಕಿನದೇ, ಮ್ಯಾಟ್ ಕಪ್ಪು ಬಳಿದು ಮೇಲೆ ತುಕ್ಕಿನ ಬಣ್ಣ ಒರೆಸಿದ್ದು. ಅದರಲ್ಲಿ ಒಂದು ಮೀಟರಿನಷ್ಟು ಮಾತ್ರ ನಿಜವಾದ ಕಬ್ಬಿಣವಿದ್ದರೆ ಬೇಕಾದಾಗ ಅಲುಗಿಸಿ ಸದ್ದು ಮಾಡಬಹುದು. ಪೂರ್ತಿ ಕಬ್ಬಿಣವಾದರೆ ಪ್ರತಿ ಉಸಿರಿಗೂ ಝಣಗುಟ್ಟಿ ಮಾತು ಕೇಳಿಸುವುದಿಲ್ಲ. ಅವನು ಬರುವ ಮುಂಚಿನ ಸದ್ದು ಕೆಳಗಿನ ನೆಲಮಾಳಿಗೆಯಿಂದ ಮೇಲೇರಬೇಕು: ಮೊದಲು ಸಭಾಂಗಣದ ಹಿಂದಿನ ಸ್ಪೀಕರಿನಲ್ಲಿ ಸಣ್ಣಗೆ, ಆಮೇಲೆ ಪಕ್ಕದಲ್ಲಿ, ಕೊನೆಗೆ ಬಾಗಿಲ ಹಿಂದೆ ನಿಜವಾದ ಸರಪಳಿ. ಒಟ್ಟು 40 ಸೆಕೆಂಡು. ಗಲ್ಲಕ್ಕೆ ಕಟ್ಟಿದ ಬಟ್ಟೆ ಬಿಚ್ಚಿದಾಗ ದವಡೆ ಎದೆಗೆ ಬೀಳುವುದನ್ನು ಬಿಡಬೇಡಿ, ಕೆಳತುಟಿಯ ಅಡಿ ಕಪ್ಪು ಛಾಯೆ ಹಚ್ಚಿದರೆ ಬಾಯಿ ಇಮ್ಮಡಿ ತೆರೆದಂತೆ ಕಾಣುತ್ತದೆ.

ಮೊದಲ ಪ್ರೇತ ಮಗುವಿನಂತೆಯೂ ಮುದುಕನಂತೆಯೂ ಇದೆ, ತಲೆಯಿಂದ ಬೆಳಕು ಚಿಮ್ಮುತ್ತದೆ. ಬಿಳಿ ಅಂಗಿ, ಬಿಳಿ ಕೂದಲು, ಸುಕ್ಕಿಲ್ಲದ ಮುಖದ ಹುಡುಗಿಯೊಬ್ಬಳು ಇದನ್ನು ಚೆನ್ನಾಗಿ ಮಾಡಬಲ್ಲಳು. ಕಿರೀಟದೊಳಗೆ ಬ್ಯಾಟರಿ ದೀಪ ಅಡಗಿಸಿ, ಸ್ವಿಚ್ಚು ಕೈಗೆ ಸಿಗುವಂತಿರಲಿ, ಸ್ಕ್ರೂಜ್ ಟೊಪ್ಪಿಗೆ ಒತ್ತಿದಾಗ ಆರಬೇಕಲ್ಲ. ಎರಡನೆಯದಕ್ಕೆ ಹಸಿರು ನಿಲುವಂಗಿ, ಬಿಳಿ ತುಪ್ಪಳದ ಅಂಚು, ಹಾಲಿ (holly) ಗಿಡದ ಎಲೆಯ ಕಿರೀಟ. ಕೆಂಪು ಬೇಡ, ಸಾಂಟಾ ಕ್ಲಾಸ್ ಬಂದನೆಂದು ಮಕ್ಕಳು ಕೂಗುತ್ತಾರೆ. ಈ ಪ್ರೇತ ಆ ರಾತ್ರಿಯೊಳಗೇ ಮುದಿಯಾಗುತ್ತದೆ. ಫ್ರೆಡ್ ಮನೆಯ ದೃಶ್ಯದಲ್ಲಿ ಸಭೆಗೆ ಬೆನ್ನು ಮಾಡಿ ನಿಂತು ತಲೆಗೂದಲಿಗೆ ಬಿಳಿ ಪೌಡರ್ ಹಚ್ಚಿಕೊಳ್ಳಲಿ.

ಮೂರನೆಯ ಪ್ರೇತ ಮಾತಾಡುವುದಿಲ್ಲ, ಚಾಚಿದ ಒಂದು ಕೈ ಬಿಟ್ಟರೆ ಎಲ್ಲ ಕಪ್ಪು. ಇಲ್ಲಿ ಆಗುವ ತಪ್ಪು ಸರಳ: ಕಪ್ಪು ಪರದೆಯ ಮುಂದೆ ಕಪ್ಪು ಉಡುಪು ಕಾಣುವುದೇ ಇಲ್ಲ. ಹಿಂದಿನಿಂದ ಒಂದು ಲೈಟು ಹೆಗಲ ಅಂಚನ್ನು ಬೆಳಗಬೇಕು. ಮುಖದ ಮುಂದೆ ಕಪ್ಪು ಜಾಲರಿ ಇರುವುದರಿಂದ ನಟನಿಗೆ ನೆಲ ಕಾಣುವುದಿಲ್ಲ, ರಂಗದ ಅಂಚಿಗೂ ಲೆವೆಲ್ಲುಗಳ (ಎತ್ತರಿಸಿದ ಕಟ್ಟೆಗಳ) ಅಂಚಿಗೂ ಕತ್ತಲಲ್ಲಿ ಹೊಳೆಯುವ ಟೇಪು ಅಂಟಿಸಿ. ದನಿ, ಗುಡುಗು ಏನೂ ಕೊಡಬೇಡಿ.

ಹೊಗೆಯ ಬಗ್ಗೆ ಒಂದು ಎಚ್ಚರಿಕೆ. ಡ್ರೈ ಐಸ್ ಎಂದರೆ ಗಟ್ಟಿ ಇಂಗಾಲದ ಡೈಆಕ್ಸೈಡ್, ಅದರ ಅನಿಲ ಗಾಳಿಗಿಂತ ಭಾರ, ನೆಲಮಟ್ಟದಲ್ಲೇ ತುಂಬಿಕೊಳ್ಳುತ್ತದೆ. ಮಂಚದ ಅಡಿ, ರಂಗದ ನೆಲದಲ್ಲಿನ ಗುಪ್ತ ಬಾಗಿಲಿನ (ಟ್ರ್ಯಾಪ್) ಒಳಗೆ, ನಿಲುವಂಗಿಯ ಕೆಳಗೆ ಮಕ್ಕಳು ಕಾಯುತ್ತಿರುವ ನಾಟಕದಲ್ಲಿ ಅದನ್ನು ಬಳಸಲೇಬೇಡಿ. ಫಾಗ್ ಮೆಷಿನ್ ಸಾಕು, ಸಭಾಂಗಣದ ಹೊಗೆ ಸಂವೇದಕಗಳ ಬಗ್ಗೆ ಮೊದಲೇ ವಿಚಾರಿಸಿ, ಎ.ಸಿ. ಗಾಳಿ ಹೊಗೆಯನ್ನು ಎತ್ತ ಎಳೆಯುತ್ತದೆಂದು ಖಾಲಿ ಹಾಲ್‌ನಲ್ಲಿ ಪರೀಕ್ಷಿಸಿ.

ಕ್ರ್ಯಾಚಿಟ್ ಮನೆಯ ಊಟ

ಎಂಟು ಜನರ ಸಂಸಾರ, ಒಂದು ಸಣ್ಣ ಹೆಬ್ಬಾತು. ಮನೆಯಲ್ಲಿ ಒಲೆ ಸಾಲದ್ದರಿಂದ ಅದನ್ನು ಬೇಕರಿಯವನ ಹತ್ತಿರ ಬೇಯಿಸಿಕೊಂಡು ತರುತ್ತಾರೆ. ಪುಡಿಂಗ್ ಬೆಂದದ್ದು ಬಟ್ಟೆ ಕುದಿಸುವ ಹಂಡೆಯಲ್ಲಿ. ಇಷ್ಟು ದೊಡ್ಡ ಕುಟುಂಬಕ್ಕೆ ಪುಡಿಂಗ್ ಚಿಕ್ಕದೆಂದು ಯಾರೂ ಅನ್ನುವುದಿಲ್ಲ, ಅನ್ನಲು ನಾಚುತ್ತಾರೆ. ನಟರಿಗೆ ಹೇಳಬೇಕಾದ್ದು ಇಷ್ಟೇ: ಬಡತನವನ್ನು ಅಭಿನಯಿಸಬೇಡಿ, ಹಬ್ಬವನ್ನು ಅಭಿನಯಿಸಿ. ಅಳುಮೋರೆಯ ಕುಟುಂಬವನ್ನು ನೋಡಿ ಸ್ಕ್ರೂಜ್‌ಗೆ ಕನಿಕರ ಹುಟ್ಟಬಹುದು, ತಾನು ಏನನ್ನು ಕಳೆದುಕೊಂಡೆ ಎಂಬ ಅರಿವು ಹುಟ್ಟದು.

ಹೆಬ್ಬಾತನ್ನು ಫೋಮಿನಲ್ಲಿ ಮಾಡಿ, ಒಂದಡಿಗಿಂತ ದೊಡ್ಡದು ಬೇಡ, ಆರು ಜೊತೆ ಮಕ್ಕಳ ಕಣ್ಣು ಅದರ ಮೇಲಿರುವುದೇ ಮುಖ್ಯ. ತಿನ್ನಲು ಹಿಸುಕಿದ ಬಾಳೆಹಣ್ಣು ಅಥವಾ ಬೇಯಿಸಿದ ಆಲೂಗಡ್ಡೆ ಇಡಿ. ಬ್ರೆಡ್ಡು, ಬಿಸ್ಕತ್ತು ಗಂಟಲಿಗೆ ಅಂಟಿ ಮಾತು ಸಿಕ್ಕಿಬೀಳುತ್ತದೆ. ಪುಡಿಂಗ್ ಉರಿಯುತ್ತ ಬರಬೇಕು. ನಿಜವಾದ ಬೆಂಕಿ ಬೇಡ, ನೀಲಿ ಜೆಲೆಟಿನ್ ಕಾಗದದ ಅಡಿ ಮಿನುಗುವ ಎಲ್‌ಇಡಿ ಸಾಕು. ಊಟದ ನಂತರ ಟಿಮ್ 'ದೇವರು ನಮ್ಮೆಲ್ಲರನ್ನೂ ಹರಸಲಿ' ಎನ್ನುವುದು ಸಭೆಗಲ್ಲ, ಅಪ್ಪನಿಗೆ. ಬಾಬ್ ಅವನ ಕೈ ಹಿಡಿದಿರುತ್ತಾನೆ, ಬಿಟ್ಟರೆ ಯಾರೋ ಕೊಂಡೊಯ್ದಾರು ಎಂಬಂತೆ.

ಮೂರನೆಯ ಪ್ರೇತದ ಭಾಗದಲ್ಲಿ ಅದೇ ಮೇಜು, ಅದೇ ಜಾಗಗಳು, ಟಿಮ್‌ನ ಮುಕ್ಕಾಲಿ ಮತ್ತು ಗೋಡೆಗೊರಗಿದ ಊರುಗೋಲು. ಇಲ್ಲಿ ಹಿನ್ನೆಲೆ ಸಂಗೀತ ತೆಗೆಯಿರಿ.

ಉಡುಪು, ಹಾಡು, ಕಾಲ

ಸ್ಕ್ರೂಜ್‌ನ ವರ್ತಮಾನ 1843. ಗಂಡಸರಿಗೆ ಉದ್ದ ಪ್ಯಾಂಟು, ಫ್ರಾಕ್ ಕೋಟು, ವೇಸ್ಟ್‌ಕೋಟು. ಫೆಜ್ಜಿವಿಗ್ ಅದಕ್ಕಿಂತ ಒಂದು ತಲೆಮಾರು ಹಿಂದಿನವನು, ಅವನಿಗೆ ಮೊಣಕಾಲವರೆಗಿನ ಬಿಗಿ ಇಜಾರು, ವಿಗ್ಗು. ಹೆಂಗಸರ ಲಂಗಕ್ಕೆ ಒಳಗೆ ಮೂರ್ನಾಲ್ಕು ಒಳಲಂಗ ಹಾಕಿ ಉಬ್ಬಿಸಿ, ಉಕ್ಕಿನ ಬಳೆಗಳ ಪಂಜರ ಬಂದದ್ದು 1850ರ ದಶಕದಲ್ಲಿ. ಬಾಬ್‌ಗೆ ಮೇಲಂಗಿ ಇಲ್ಲ, ಮೂರಡಿ ಇಳಿಬಿದ್ದ ಬಿಳಿ ಉಣ್ಣೆಯ ಮಫ್ಲರ್ ಮಾತ್ರ. ಮಂಗಳೂರಿನಂಥ ಕಡೆ ಡಿಸೆಂಬರಿನಲ್ಲೂ ಲೈಟುಗಳ ಕೆಳಗೆ ಉಣ್ಣೆ ಕೋಟು ಹಾಕಿದ ನಟ ತಲೆಸುತ್ತಿ ಬೀಳುತ್ತಾನೆ. ದಪ್ಪ ಖಾದಿಗೆ ಬಣ್ಣ ಹಾಕಿಸಿ ಹೊಲಿಸಿ, ಒಳಗೆ ಲೈನಿಂಗ್ ಬೇಡ. ಚಳಿಯನ್ನು ನಟರ ಮೈಯೇ ತೋರಿಸಬೇಕು: ಬಾಬ್ ಮೋಂಬತ್ತಿಗೆ ಕೈ ಕಾಸಿಕೊಳ್ಳುತ್ತಾನೆ.

ಈ ಕತೆಯಲ್ಲಿ ಕ್ರಿಸ್‌ಮಸ್ ಟ್ರೀ ಇಲ್ಲ, ರಂಗದ ಮೇಲೂ ಬೇಡ. ಹಾಲಿ, ಐವಿ, ಮಿಸಲ್‌ಟೋ ಸಾಕು. ಹಾಡು ಆರಿಸುವಾಗಲೂ ಕಾಲ ನೋಡಿ. 'ಜಿಂಗಲ್ ಬೆಲ್ಸ್' 1857ರದು, 'ಸೈಲೆಂಟ್ ನೈಟ್'ನ ಈಗ ಪ್ರಚಲಿತವಾಗಿರುವ ಇಂಗ್ಲಿಷ್ ಅನುವಾದ ಬಂದದ್ದು 1859ರಲ್ಲಿ. ಸ್ಕ್ರೂಜ್‌ನ ಬಾಗಿಲಲ್ಲಿ ಹುಡುಗ ಹಾಡುವುದು 'ಗಾಡ್ ರೆಸ್ಟ್ ಯು ಮೆರಿ, ಜಂಟಲ್‌ಮೆನ್'. ಅದರ ರಾಗವನ್ನೇ ನಾಟಕದ ಎಳೆಯಾಗಿಸಿ: ಮೊದಲು ಒಬ್ಬ ಹುಡುಗನ ದನಿಯಲ್ಲಿ, ನಡುವೆ ಪಿಟೀಲಿನಲ್ಲಿ, ಕೊನೆಗೆ ಎಲ್ಲರೂ. ರಾಗ ಹಳೆಯದು, ಯಾರ ಹಕ್ಕೂ ಇಲ್ಲ, ಧ್ವನಿಮುದ್ರಿಕೆ ಬಳಸಿದರೆ ಮಾತ್ರ ಅದರ ಹಕ್ಕುದಾರರ ಅನುಮತಿ ಬೇಕು.

ತಾಲೀಮಿನ ಲೆಕ್ಕ

ವಾರಕ್ಕೆ ಐದು ಸಂಜೆಯಂತೆ ಆರು ವಾರ. ಮೊದಲ ವಾರ ಮೇಜಿನ ಸುತ್ತ ಓದು. ಎರಡು, ಮೂರನೆಯ ವಾರ ಬ್ಲಾಕಿಂಗ್, ಅಂದರೆ ಯಾರು ಎಲ್ಲಿ ನಿಂತು ಎತ್ತ ನಡೆಯಬೇಕೆಂಬ ತೀರ್ಮಾನ. ಮಂಚ ಎರಡನೆಯ ವಾರವೇ ಸಿದ್ಧವಾಗಿರಬೇಕು, ಕುರ್ಚಿ ಜೋಡಿಸಿ ಮಂಚವೆಂದುಕೊಂಡು ಮಾಡಿದ ಚಲನೆಗಳೆಲ್ಲ ನಿಜವಾದ ಮಂಚ ಬಂದಾಗ ಕೆಡುತ್ತವೆ. ನಾಲ್ಕನೆಯ ವಾರ ಫೆಜ್ಜಿವಿಗ್‌ನ ಕುಣಿತಕ್ಕೆ ಎರಡು ಸಂಜೆ ಮೀಸಲಿಡಿ. ಐದನೆಯ ವಾರ ಪುಸ್ತಕ ಬಿಟ್ಟು ರನ್‌ಥ್ರೂ, ಮೊದಲಿಂದ ಕೊನೆಯವರೆಗೆ ನಿಲ್ಲಿಸದೆ. ಆರನೆಯ ವಾರ ಬೆಳಕು, ಸದ್ದು, ಉಡುಪು. ಸ್ಕ್ರೂಜ್ ಪಾತ್ರಧಾರಿ ರಂಗದಿಂದ ಹೊರಹೋಗುವುದೇ ಅಪರೂಪ, ನೀರು ಕುಡಿಯುವ ಜಾಗವನ್ನು ಮಂಚದ ಪರದೆಯ ಹಿಂದೆ ಇಟ್ಟುಕೊಡಿ. ಮಕ್ಕಳನ್ನು ಎರಡನೆಯ ವಾರದಿಂದ, ವಾರಕ್ಕೆ ಎರಡೇ ದಿನ ಕರೆಸಿ.

ಕೊನೆಯ ಭಾಗವನ್ನು ಎಲ್ಲರೂ ಸುಸ್ತಾದ ಮೇಲೆ, ಕೊನೆಗೆ ಅಭ್ಯಾಸ ಮಾಡುತ್ತಾರೆ. ಆದ್ದರಿಂದಲೇ ಅದು ಗದ್ದಲವಾಗುತ್ತದೆ. ವಾರಕ್ಕೊಮ್ಮೆ ತಾಲೀಮನ್ನು ಅದರಿಂದಲೇ ಶುರುಮಾಡಿ. ಅಲ್ಲಿ ಕಾಪಾಡಬೇಕಾದ ಎರಡು ಸಂಗತಿಗಳಿವೆ. ಚಂದಾ ಕೇಳಿದ್ದ ಮಹನೀಯನಿಗೆ ಎಷ್ಟು ಕೊಡುತ್ತೇನೆಂದು ಸ್ಕ್ರೂಜ್ ಕಿವಿಯಲ್ಲಿ ಹೇಳುತ್ತಾನೆ, ಮೊತ್ತ ಪುಸ್ತಕದಲ್ಲೂ ಇಲ್ಲ. ಅದನ್ನು ಗಟ್ಟಿಯಾಗಿ ಹೇಳಿಸಬೇಡಿ, ಕೇಳಿದವನ ಮುಖವೇ ಹೇಳಲಿ. ಎರಡನೆಯದು ಮರುದಿನದ ಕಚೇರಿ. ಬಾಬ್ ಹದಿನೆಂಟೂವರೆ ನಿಮಿಷ ತಡವಾಗಿ ಬರುತ್ತಾನೆ, ಸ್ಕ್ರೂಜ್ ಹಳೆಯ ದನಿಯಲ್ಲೇ ಗದರಿಸುತ್ತಾನೆ. ಆ ಗದರಿಕೆಯಲ್ಲಿ ನಟ ನಗು ತೋರಿಸಿಬಿಟ್ಟರೆ ಆಟ ಮುಗಿಯಿತು. ಮೊದಲ ದೃಶ್ಯದ ನಿಲುವು, ಅದೇ ಜಾಗ, ಅದೇ ತಣ್ಣನೆ ಬೆಳಕು ಇರಲಿ, ಬಾಬ್ ನಿಜವಾಗಿ ಹೆದರಲಿ. 'ಇನ್ನು ನಾನು ಇದನ್ನು ಸಹಿಸುವುದಿಲ್ಲ, ಆದ್ದರಿಂದ ನಿನ್ನ ಸಂಬಳ ಹೆಚ್ಚಿಸುತ್ತೇನೆ' ಎಂಬಲ್ಲಿ 'ಆದ್ದರಿಂದ' ಮುಗಿದ ಮೇಲೆ ಒಂದು ಉಸಿರಿನಷ್ಟು ಹೊತ್ತು ನಿಲ್ಲಲಿ. ಬೆಳಕು ಬದಲಿಸುವವರಿಗೆ ಕ್ಯೂ ಆ ವಾಕ್ಯದ ಕೊನೆಯ ಪದ, ಅದಕ್ಕೆ ಮುಂಚೆ ಅಲ್ಲ.